ಬಿಳಿ ಮರಳಿಗೆ ಮರುಳಾಗುವ ಮುನ್ನ

ಬೇಸಿಗೆ ರಜೆಗೆ ದ್ವೀಪ ಹುಡುಕುತ್ತಿದ್ದೀರಾ? ಪ್ಯಾಕೇಜಿನ ದರ ಆಮೇಲೆ ವಿಚಾರಿಸಿ. ಹೆಣ್ಣು-ಗಂಡು ನೋಡುವಾಗ ಕೇಳುವಂತೆ, ಮೊದಲು ಮರಳಿನ ಊರು, ಮನೆತನ ಕೇಳಿ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಈ ಸಲದ ರಜೆಯ ಚರ್ಚೆ ಶುರುವಾಗಿದ್ದು ಊಟದ ಮೇಜಿನ ಮೇಲೆ ಹರಡಿದ್ದ ನಾಲ್ಕು ಬ್ರೋಷರುಗಳಿಂದ. ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್, ಬಾಲಿ. ಹೆಸರಿನ ಮೇಲೆ ಕೈಯಿಟ್ಟು ಮುಚ್ಚಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ನಾಲ್ಕರಲ್ಲೂ ಅದೇ ಬಾಗಿದ ತೆಂಗಿನಮರ, ಅದೇ ಪಚ್ಚೆ ಬೆರೆತ ನೀಲಿ, ಅದೇ ಸಕ್ಕರೆ ಚೆಲ್ಲಿದಂಥ ದಂಡೆ. ಮಗಳಿಗೆ ಮಾಲ್ಡೀವ್ಸ್ ಬೇಕು, ಹೆಂಡತಿಗೆ ಅಂಡಮಾನ್. ನನಗೆ ಖರ್ಚು ಕಡಿಮೆಯಾದ ಯಾವುದಾದರೂ ಸರಿ.

ಕನ್ನಡಕ ಏರಿಸಿ ನಾಲ್ಕನ್ನೂ ನೋಡಿದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಅಷ್ಟು ಬಿಳಿ ಮರಳು ಎಲ್ಲಿಂದ ಬಂತೋ? ಗೋಕರ್ಣದಲ್ಲಿ, ಮಲ್ಪೆಯಲ್ಲಿ ಹೀಗಿರಲಿಲ್ಲವಲ್ಲ?”

ಉತ್ತರ ಹುಡುಕುತ್ತಾ ಹೋದಾಗ ತಿಳಿಯಿತು, ದ್ವೀಪ ಆರಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಗಿಳಿಮೀನಿನ ಗಿರಣಿ

ನಮ್ಮ ಕರಾವಳಿಯ ಮರಳು ಮೂಲತಃ ಕಲ್ಲು. ಕಾಳಿ, ಶರಾವತಿ, ನೇತ್ರಾವತಿಯಂಥ ನದಿಗಳು ಘಟ್ಟವನ್ನು ಅರೆದು ತಂದು ಕಡಲಿಗೆ ಸುರಿದದ್ದು. ಅದರಲ್ಲಿ ಬೆಣಚುಕಲ್ಲಿನ ಹರಳೂ ಇದೆ, ಜಂಬಿಟ್ಟಿಗೆಯ ಕೆಂಪೂ ಇದೆ. ಆದ್ದರಿಂದಲೇ ಹೊಂಬಣ್ಣ. ಕಾರವಾರದ ಹತ್ತಿರದ ತಿಲ್ಮಾಟಿಯಲ್ಲಂತೂ ಕಪ್ಪು ಬಂಡೆ ಪುಡಿಯಾಗಿ ದಂಡೆಯೇ ಎಳ್ಳು ಹರವಿದಂತೆ ಕಾಣುತ್ತದೆ. ಹೆಸರೂ ಅದರಿಂದಲೇ ಬಂದದ್ದು.

ಬ್ರೋಷರಿನ ಬಿಳಿ ಮರಳು ಬೇರೆ ಕುಲದ್ದು. ಅದು ಹವಳ, ಚಿಪ್ಪು, ಸುಣ್ಣ ಕಟ್ಟುವ ಕಡಲ ಪಾಚಿ ಇವೆಲ್ಲದರ ಪುಡಿ. ಪುಡಿ ಮಾಡುವವರಲ್ಲಿ ಮುಂದಾಳು ಪ್ಯಾರಟ್ ಫಿಶ್. ಗಿಳಿಯ ಕೊಕ್ಕಿನಂಥ ಬಾಯಿ ಇರುವ ಈ ಮೀನನ್ನು ಗಿಳಿಮೀನು ಎನ್ನೋಣ. ಹವಳದ ಮೇಲಿನ ಪಾಚಿ ಕೆರೆಯುವಾಗ ಹವಳವನ್ನೂ ಕಚ್ಚಿ, ಗಂಟಲ ಹಲ್ಲಿನಲ್ಲಿ ನುಣ್ಣಗೆ ಅರೆದು, ಬೇಡದ್ದನ್ನು ಹಿಂದಿನಿಂದ ಬಿಡುತ್ತದೆ. ಮಾಲ್ಡೀವ್ಸ್‌ನ ವಕ್ಕಾರು ದ್ವೀಪದ ಸುತ್ತ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಲ್ಲಿನ ಹವಳದ ದಿಬ್ಬದಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ 85ಕ್ಕೂ ಹೆಚ್ಚು ಗಿಳಿಮೀನಿನ ಕೊಡುಗೆ.

ಇದನ್ನು ಓದಿ ಹೇಳಿದಾಗ ಅಮ್ಮ ಬ್ರೋಷರನ್ನು ಮೇಜಿನ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. “ಮೀನಿನ ಹಿಕ್ಕೆ ಮೇಲೆ ಹೊರಳಾಡೋದಕ್ಕೆ ಲಕ್ಷಗಟ್ಟಲೆ ದುಡ್ಡಾ?”

ಮಾತು ಬೆಳೆಯುವಷ್ಟರಲ್ಲಿ ಅವರಿಗೇ ಷೋಕೇಸಿನ ಬಾಟಲಿ ನೆನಪಾಯಿತು. ಅರುವತ್ತರ ದಶಕದಲ್ಲಿ ಮಂಗಳೂರಿನ ಬಂದರಿನಲ್ಲಿ ಗುಮಾಸ್ತರಾಗಿದ್ದ ದೊಡ್ಡಪ್ಪ ತಂದುಕೊಟ್ಟ ಬಿಳಿ ಮರಳು ಅದರಲ್ಲಿದೆ. “ಅಮಿನಿ ಕಡೆಯ ಮಂಜಿಯವರು (ಸರಕಿನ ಹಾಯಿದೋಣಿಯವರು) ಕೊಟ್ಟದ್ದು” ಎಂದಿದ್ದರಂತೆ. ಪ್ರತಿ ದಸರೆಯಲ್ಲೂ ಅಮ್ಮ ಅದನ್ನು ತಟ್ಟೆಗೆ ಸುರಿದು, ಬೊಂಬೆಗಳ ಮುಂದೆ ಕಡಲ ದಂಡೆ ಮಾಡಿ, ವಿಜಯದಶಮಿ ಮುಗಿದ ಮೇಲೆ ಒಂದು ಚಿಟಿಕೆ ಪೋಲಾಗದಂತೆ ಬಾಟಲಿಗೆ ಹಿಂತಿರುಗಿಸುತ್ತಾರೆ. ಆ ದಿನ ಸ್ಟೀಲ್ ಚಮಚದಲ್ಲಿ ಚೂರು ತೆಗೆದುಕೊಂಡು ಮಗಳು ಅದರ ಮೇಲೆ ನಿಂಬೆಹಣ್ಣು ಹಿಂಡಿದಳು. ಬುಸಬುಸನೆ ಗುಳ್ಳೆ ಎದ್ದಿತು. ಹವಳ, ಚಿಪ್ಪಿನ ಪುಡಿ ಹುಳಿಗೆ ನೊರೆಯಾಗುತ್ತದೆ. ಬೆಣಚುಕಲ್ಲಿನ ಮರಳು ತೆಪ್ಪಗಿರುತ್ತದೆ.

ಅಮ್ಮ ಎಲೆಅಡಿಕೆ ಡಬ್ಬಿಯ ಕಡೆ ನೋಡಿದರು. ಕರಾವಳಿಯ ಚಿಪ್ಪಿನ ಸುಣ್ಣವೂ ಇದೇ ಬಳಗದ್ದು. ಚಿಪ್ಪನ್ನು ನಾವು ಸುಟ್ಟರೆ ಸುಣ್ಣ, ಕಡಲು ಅರೆದರೆ ಮರಳು. ಎಲೆಗೆ ಹಚ್ಚಿ ಬಾಯಿಗೆ ಹಾಕಿಕೊಳ್ಳುವುದಕ್ಕೆ ಇಲ್ಲದ ಮೈಲಿಗೆ ಕಾಲಿಗೆ ತಾಗಿದರೆ ಯಾಕೆ? ಮಡಿಯ ಸಮಸ್ಯೆ ಅಲ್ಲಿಗೆ ಬಗೆಹರಿಯಿತು.

ಬಿಳಿ ಮರಳೆಲ್ಲ ಹವಳವಲ್ಲ ಎಂಬುದನ್ನೂ ಹೇಳಬೇಕು. ಆಸ್ಟ್ರೇಲಿಯಾದ ಪ್ರಸಿದ್ಧ ವೈಟ್‌ಹೆವನ್ ಬೀಚ್ ಬಹುತೇಕ ಶುದ್ಧ ಬೆಣಚು; ಅಲ್ಲಿ ನಿಂಬೆ ಹಿಂಡಿದರೆ ನಿಂಬೆಯಷ್ಟೇ ದಂಡ. ಬಾಲಿಯದು ಇನ್ನೊಂದು ಕಥೆ. ಜ್ವಾಲಾಮುಖಿಗಳ ದ್ವೀಪವಾದ್ದರಿಂದ ಉತ್ತರದ ಲೊವಿನಾದಲ್ಲಿ ಮರಳು ಕಪ್ಪು. ಬಾಲಿಗೆ ಹೋಗಿ ಬಿಳಿ ದಂಡೆ ಬೇಕೆನ್ನುವವರು ದಕ್ಷಿಣದ ನುಸಾ ದುವಾ ಕಡೆಗೆ ಹೋಟೆಲು ನೋಡಬೇಕು. ದ್ವೀಪದ ಹೆಸರು ನೋಡಿ ಮುಂಗಡ ಕೊಟ್ಟು, ಇಳಿದ ಮೇಲೆ ಕಪ್ಪು ಮರಳು ಕಂಡು ಮುಖ ಕಪ್ಪಗೆ ಮಾಡಿಕೊಂಡವರು ನಮ್ಮ ಬಳಗದಲ್ಲೇ ಇದ್ದಾರೆ.

ನದಿಯಿಲ್ಲದ ಊರು

ಹವಳಕ್ಕೆ ತಿಳಿನೀರು ಬೇಕು. ನದಿ ಹೂಳು ತಂದು ಸುರಿಯುವ ಕಡೆ ಅದು ಬಾಳುವುದಿಲ್ಲ. ಕನ್ನಡ ಕರಾವಳಿಯಲ್ಲಿ ದಂಡೆಗೆ ಹೊಂದಿಕೊಂಡು ಹವಳದ ಬಿಳಿ ಮರಳಿಲ್ಲದಿರಲು ಇದೂ ಒಂದು ಕಾರಣ. ಮುರ್ಡೇಶ್ವರದಿಂದಾಚೆ ನಡುಗಡಲಿನ ನೇತ್ರಾಣಿಯಲ್ಲಿ ಹವಳ ಇದೆ, ಆದರೆ ಹರಡಿ ಕೂರಲು ದಂಡೆ ಇಲ್ಲ. ಲಕ್ಷದ್ವೀಪದಲ್ಲಿ, ಮಾಲ್ಡೀವ್ಸ್‌ನಲ್ಲಿ ನದಿಯೇ ಇಲ್ಲ. ನದಿಯಿಲ್ಲದ ಬೆಂಗಳೂರಿನವರಿಗೆ ಈ ಊರುಗಳ ಕಷ್ಟ ಬೇಗ ಅರ್ಥವಾಗಬೇಕು. ಹವಳದ ದ್ವೀಪದ ಅಡಿಯಲ್ಲಿ, ಉಪ್ಪುನೀರಿನ ಮೇಲೆ ಎಣ್ಣೆಯಂತೆ ತೇಲುವ ಮಳೆನೀರಿನ ತೆಳು ಪದರವೇ ಅಲ್ಲಿನವರ ಬಾವಿ. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನೇ ಸಿಹಿಯಾಗಿಸುವ ಘಟಕ ನಡೆಯುತ್ತಿದೆ. ನಾವು ಬಾತ್‌ರೂಮಿನಲ್ಲಿ ಹರಿಸುವ ಒಂದೊಂದು ಬಕೆಟ್ಟೂ ಆ ಲೆಕ್ಕದಿಂದಲೇ ಹೋಗುವುದು.

ನಮ್ಮ ರಾಜ್ಯದೊಳಗೇ ಬಿಳಿ ದಂಡೆ ಬೇಕೆನ್ನುವವರಿಗೆ ಮಲ್ಪೆಯಿಂದ ದೋಣಿಯಲ್ಲಿ ತಲುಪುವ ಸೇಂಟ್ ಮೇರೀಸ್ ದ್ವೀಪ ಇದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಅಲ್ಲಿ ಆರು ಮೂಲೆಯ ಕಂಬಗಳಾಗಿ ನಿಂತಿದೆ. ಅದರ ಕಾಲ್ಬುಡದಲ್ಲಿ ಹರಡಿರುವ ಬಿಳುಪು ಕಪ್ಪೆಚಿಪ್ಪುಗಳದ್ದು. ಬರಿಗಾಲಿಗೆ ಚುಚ್ಚುತ್ತದೆ, ರಾತ್ರಿ ತಂಗುವಂತಿಲ್ಲ, ಮಳೆಗಾಲದಲ್ಲಿ ದೋಣಿ ಇಲ್ಲ. ಆದರೂ ಕಪ್ಪು ಕಂಬ, ಬಿಳಿ ಚಿಪ್ಪು ಒಟ್ಟಿಗೆ ಕಾಣುವ ಇಂಥ ಜಾಗ ಸುಲಭಕ್ಕೆ ಸಿಗದು.

ಅರಮನೆಯ ಬೀದಿಯಿಂದ ಅಮಿನಿಗೆ

ಬಾಟಲಿಯ ಮರಳಿನ ಊರಾದ ಅಮಿನಿ ಎಲ್ಲಿದೆ ಎಂದು ಹುಡುಕಿದರೆ ದಾರಿ ತಿರುಗಿ ನಮ್ಮ ಪೇಟೆಗೇ ಬಂತು. ಆಲೂರು ವೆಂಕಟರಾವ್ ರಸ್ತೆಯ ಟಿಪ್ಪು ಅರಮನೆ ಮುಗಿದದ್ದು 1791ರಲ್ಲಿ. ಚಾಮರಾಜಪೇಟೆ ಹುಟ್ಟಿದ್ದು ಅದಾದ ನೂರೊಂದು ವರ್ಷಕ್ಕೆ, 1892ರಲ್ಲಿ. ಅರಮನೆ ಮುಗಿಯುವುದಕ್ಕೆ ಕೆಲವೇ ವರ್ಷ ಮೊದಲು, 1780ರ ದಶಕದಲ್ಲಿ, ಲಕ್ಷದ್ವೀಪದ ಅಮಿನಿಯವರು ಟಿಪ್ಪುವಿನ ಮೊರೆ ಹೋಗಿದ್ದರು. ಕಣ್ಣೂರಿನ ಅರಕ್ಕಲ್ ಮನೆತನ ತೆಂಗಿನ ನಾರಿನ ವ್ಯಾಪಾರವನ್ನೆಲ್ಲ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡದ್ದು ಅವರಿಗೆ ಸಾಕಾಗಿತ್ತು. ಹಾಗೆ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಮೈಸೂರಿನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಪಾಲಾಗಿ ಕೆನರಾ ಜಿಲ್ಲೆಗೆ, ಮುಂದೆ ದಕ್ಷಿಣ ಕನ್ನಡಕ್ಕೆ ಸೇರಿದವು. ಅಮಿನಿಯಲ್ಲಿ ಆಡಳಿತ ನೋಡಲು ಒಬ್ಬ ಮಣೆಗಾರ, ಮಂಗಳೂರಿನಲ್ಲಿ ಕಲೆಕ್ಟರು. ದ್ವೀಪದವರು ನಾರಿನ ಹುರಿ ತಂದು ಕೊಟ್ಟು ಅಕ್ಕಿ ಒಯ್ಯುತ್ತಿದ್ದರು.

ಈ ನಂಟು ಕಡಿದದ್ದು 1956ರ ನವೆಂಬರ್ 1ರಂದು. ಆಲೂರರಂಥವರು ಕನಸು ಕಂಡ ಕನ್ನಡ ನಾಡು ಒಂದಾದ ದಿನವೇ ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಹೋಯಿತು. ಅಮಿನಿ ಬಳಗ ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿತು. ಕಾಸರಗೋಡಿಗಾಗಿ ನಾವು ಇವತ್ತಿಗೂ ಮರುಗುತ್ತೇವೆ. ದ್ವೀಪಗಳು ಮಾತ್ರ ಮರೆತೇಹೋದವು. ಅಲ್ಲಿನವರ ಮಾತು ಜೆಸೆರಿ, ಮಲಯಾಳಕ್ಕೆ ಹತ್ತಿರದ್ದು. ಹಾಗಾಗಿ ಕಳೆದುಕೊಂಡೆವು ಎಂದು ಅಳಬೇಕಾದ್ದೇನೂ ಇಲ್ಲ. ಆದರೆ ಮಂಗಳೂರಿನ ಹಳೆ ಬಂದರಿನಿಂದ ಜಲ್ಲಿ, ಸಿಮೆಂಟು, ತರಕಾರಿ ಇಂದಿಗೂ ಆ ಕಡೆಗೆ ಹೋಗುತ್ತವೆ.

ಅದೇ ಕಡಮತ್‌ನ ದಂಡೆ, ದೂರದ ಮಿನಿಕಾಯ್‌ನ ತುಂಡಿ ದಂಡೆಯೊಂದಿಗೆ, 2022ರಲ್ಲಿ ಬ್ಲೂ ಫ್ಲ್ಯಾಗ್ ಗೌರವ ಪಡೆಯಿತು. ನಮ್ಮ ಪಡುಬಿದ್ರಿ, ಹೊನ್ನಾವರದ ಕಾಸರಕೋಡು, ಅಂಡಮಾನಿನ ರಾಧಾನಗರ 2020ರಲ್ಲೇ ಪಡೆದಿದ್ದವು. ಈ ನೀಲಿ ಬಾವುಟ ಸೌಂದರ್ಯ ಸ್ಪರ್ಧೆಯ ಕಿರೀಟವಲ್ಲ. ನೀರಿನ ಶುದ್ಧಿ, ಶೌಚಾಲಯ, ಕಸ ವಿಲೇವಾರಿ, ಜೀವರಕ್ಷಕರು ಹೀಗೆ 33 ಮಾನದಂಡ ನೋಡಿ ಕೊಡುತ್ತಾರೆ. ವರ್ಷವರ್ಷವೂ ಹೊಸದಾಗಿ ಪರೀಕ್ಷೆ. ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಮರಳಿನ ಬಣ್ಣಕ್ಕಿಂತ ಇದು ಮುಖ್ಯ.

ದಿಕ್ಕು ನೋಡಿ, ಮಂಡಿ ನೋಡಿ

ಮನೆ ಕೊಳ್ಳುವಾಗ ದಿಕ್ಕು ನೋಡುವ ನಾವು ಬೀಚಿಗೂ ನೋಡಬೇಕು. ಲಕ್ಷದ್ವೀಪದ ಬಹುತೇಕ ದ್ವೀಪಗಳಲ್ಲಿ ಲಗೂನು ಪಶ್ಚಿಮಕ್ಕಿದೆ. ಹವಳದ ದಿಬ್ಬ ಕಾಂಪೌಂಡಿನಂತೆ ನಿಂತು ಅಲೆ ತಡೆಯುತ್ತದೆ; ಒಳಗಿನ ನೀರು ಕಲ್ಯಾಣಿಯ ಹಾಗೆ ಶಾಂತ. ಪೂರ್ವಕ್ಕೆ ಹೋದರೆ ಒರಟು ಹವಳದ ಚೂರು, ಒಮ್ಮೆಲೇ ಆಳ. ಕಡಮತ್‌ನ ಉದ್ದ ಒಂಬತ್ತು ಕಿ.ಮೀ. ಚಿಲ್ಲರೆ, ಅಗಲ ಅತಿ ಹೆಚ್ಚೆಂದರೆ ಅರ್ಧ ಕಿ.ಮೀ.ಗಿಂತ ತುಸು ಜಾಸ್ತಿ. ಆ ಎರಡು ಕಡಲುಗಳ ನಡುವೆ ನಮ್ಮ ಒಂದು ಬೀದಿಯಷ್ಟು ನಡಿಗೆ.

ಅಂಡಮಾನಿನಲ್ಲಿ ನೋಡಬೇಕಾದ್ದು ಭರತ-ಇಳಿತ. ಶಹೀದ್ ದ್ವೀಪದ (ಹಳೆಯ ನೀಲ್) ಭರತ್‌ಪುರ ದಂಡೆಯಲ್ಲಿ ಇಳಿತದ ಹೊತ್ತಿಗೆ ಹೋದರೆ ಈಜಲು ನೀರೇ ಇರದು, ಹವಳದ ಕಲ್ಲು ಎದ್ದಿರುತ್ತದೆ. ಸ್ವರಾಜ್ ದ್ವೀಪದ (ಹಳೆಯ ಹ್ಯಾವ್ಲಾಕ್) ರಾಧಾನಗರ ದಂಡೆಯನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಎಂದಿತ್ತು. ವಿಶಾಲ, ಹಿಂದೆ ದಟ್ಟ ಕಾಡಿನ ನೆರಳು, ಪಶ್ಚಿಮದ ಸೂರ್ಯಾಸ್ತ. ಆದರೆ ಆ ದ್ವೀಪಗಳ ನೀರಲ್ಲಿ ಮೊಸಳೆಗಳೂ ಇವೆ. ಎಚ್ಚರಿಕೆಯ ಫಲಕ ಕಂಡಲ್ಲಿ ಸೆಲ್ಫಿ ಸಾಕು, ಸ್ನಾನ ಬೇಡ.

ಇನ್ನು ಮಂಡಿ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಒಂದು ಇಡೀ ರಾತ್ರಿ ಹಿಡಿಯುತ್ತದೆ. ಲಗೂನು ಆಳವಿಲ್ಲದ ಕಡೆ ಹಡಗು ಹೊರಗೇ ನಿಂತು, ತೂಗಾಡುವ ಸಣ್ಣ ದೋಣಿಗೆ ಇಳಿಸುತ್ತಾರೆ. ಅಮ್ಮನ ವಯಸ್ಸಿನವರಿಗೆ ಅದು ಸುಲಭವಲ್ಲ. 2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದಲೇ ಅಗತ್ತಿಗೆ ನೇರ ವಿಮಾನ ಶುರುವಾದದ್ದು ಇಂಥವರಿಗೆ ಸಿಕ್ಕ ವರ. ಆದರೆ ಸಣ್ಣ ವಿಮಾನಗಳ ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುತ್ತದೆ. ವಿಚಾರಿಸಿಯೇ ರಜೆ ಹಾಕಿ. ಅಗತ್ತಿಯಿಂದ ಕಡಮತ್‌ಗೆ ಮತ್ತೆ ದೋಣಿ ಬೇಕು. ಅಗತ್ತಿಯಲ್ಲೇ ಉಳಿದರೂ ಮರಳು, ಲಗೂನು ಎರಡಕ್ಕೂ ಬರವಿಲ್ಲ.

ಗಂಟು ಕಟ್ಟುವ ಮುನ್ನ

- ಏಪ್ರಿಲ್ ರಜೆಗೆ: ಲಕ್ಷದ್ವೀಪ, ಅಂಡಮಾನ್, ಮಾಲ್ಡೀವ್ಸ್ ಮೂರೂ ಸರಿ. ಮೇ ನಡುವಿನಿಂದ ಮುಂಗಾರಿನ ಭಯ. ಮೇ ಕೊನೆಗೆ ಹೊರಡುವವರಿಗೆ ಬಾಲಿ.
- ದಸರಾ ರಜೆಗೆ: ಅಂಡಮಾನಿನಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ವೀಸಾ ತಲೆನೋವಿಲ್ಲದ ಮಾರಿಷಸ್ ಆಗ ಹಿತ.
- ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಮೊದಲು ಪರವಾನಗಿ, ಆಮೇಲೆ ಟಿಕೆಟ್ಟು.
- ಮಾಲ್ಡೀವ್ಸ್‌ನ ರೆಸಾರ್ಟ್ ದ್ವೀಪಗಳ ರೀತಿ ಬೇರೆ, ಜನವಸತಿಯ ದ್ವೀಪಗಳ ರೀತಿ ಬೇರೆ. ಎರಡನೆಯದರಲ್ಲಿ ಖರ್ಚು ಕಡಿಮೆ. ಉಡುಪಿನ ವಿಷಯದಲ್ಲಿ ಸ್ಥಳೀಯರ ಮರ್ಯಾದೆ ಪಾಲಿಸಬೇಕು.
- ಕೆಲವು ಸನ್‌ಸ್ಕ್ರೀನ್‌ಗಳ ರಾಸಾಯನಿಕ ಹವಳಕ್ಕೆ ಕೇಡೆಂದು ಪಲಾವು, ಹವಾಯಿಗಳು ನಿಷೇಧಿಸಿವೆ. ತುಂಬುತೋಳಿನ ಹತ್ತಿ ಅಂಗಿ ಎಲ್ಲಕ್ಕಿಂತ ಕ್ಷೇಮ.
- ಹವಳದ ಚೂರು ಜೇಬಿಗೆ ಹಾಕಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೂ ಹುಲಿಯಂತೆಯೇ ರಕ್ಷಣೆ ಇದೆ.

ಎರಡು ಬಿಳುಪು

ಕಡಲಲ್ಲಿ ಇನ್ನೊಂದು ಬಿಳುಪೂ ಇದೆ. ನೀರು ಅತಿಯಾಗಿ ಬಿಸಿಯಾದರೆ ಹವಳ ತನಗೆ ಬಣ್ಣವನ್ನೂ ಅನ್ನವನ್ನೂ ಕೊಡುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ. ಹವಳ ಸತ್ತರೆ ಅಲೆ ತಡೆಯುವ ಗೋಡೆ ಕುಸಿಯುತ್ತದೆ, ಮರಳಿನ ಗಿರಣಿಯೂ ನಿಲ್ಲುತ್ತದೆ. ಲಕ್ಷದ್ವೀಪದಲ್ಲೇ ಬಂಗಾರಂ ಹತ್ತಿರದ ಪರಳಿ ಎಂಬ ಪುಟ್ಟ ದ್ವೀಪವೊಂದು ಪೂರ್ತಿ ಕೊಚ್ಚಿಹೋಗಿದೆ ಎಂದು 2017ರಲ್ಲಿ ವರದಿಯಾಗಿತ್ತು. ಥಾಯ್ಲೆಂಡ್ ತನ್ನ ಹೆಸರಾಂತ ಮಾಯಾ ಬೇ ದಂಡೆಯನ್ನು 2018ರಿಂದ 2022ರ ಆರಂಭದವರೆಗೆ ಮುಚ್ಚಿಟ್ಟದ್ದು ಪ್ರವಾಸಿಗರ ತುಳಿತದಿಂದ ಹವಳಕ್ಕೆ ಬಿಡುವು ಕೊಡಲು. ಮರಳು ಎಲ್ಲಿಂದ ಬಂತೆಂದು ತಿಳಿದವರಿಗೆ, ಅದು ಮುಗಿಯಬಹುದಾದ ವಸ್ತು ಎಂಬುದೂ ತಿಳಿದಿರುತ್ತದೆ.

ನಮ್ಮ ಮನೆಯಲ್ಲಿ ಕೊನೆಗೆ ಗೆದ್ದದ್ದು ಅಗತ್ತಿ. ಪರವಾನಗಿಯ ಅರ್ಜಿ ಹಾಕಿದ್ದೇವೆ. ಬಂದರೆ ಅಮ್ಮನೂ ಬರುತ್ತಾರೆ. ಬಾರದಿದ್ದರೆ ಮಲ್ಪೆಯ ದೋಣಿ ಇದ್ದೇ ಇದೆ.

ಮೊನ್ನೆ ಅವರು ಷೋಕೇಸು ಒರೆಸುತ್ತಾ ಬಾಟಲಿ ಎತ್ತಿ ಹಿಡಿದು ಮೊಮ್ಮಗಳನ್ನು ಕರೆದರು. “ಈ ದಸರೆಗೆ ಇದರ ಮುಂದೆ ಒಂದು ಚೀಟಿ ಇಡಬೇಕು. ಬರಿ ಪುಟ್ಟಿ: ಅಮಿನಿ ದ್ವೀಪದ ಮರಳು, ದಕ್ಷಿಣ ಕನ್ನಡ ಜಿಲ್ಲೆ.”

“1956ರ ತನಕ ಅಂತ ಸೇರಿಸಲಾ ಅಜ್ಜಿ?”

“ಬೇಡ ಬಿಡು. ಬೊಂಬೆ ನೋಡೋಕೆ ಬಂದವರು ಯಾಕೆ ಹೀಗೆ ಅಂತ ಕೇಳಲಿ. ಕೋಸಂಬರಿ ಕೊಟ್ಟು ಕೂರಿಸಿ ಹೇಳಿದರಾಯಿತು.”