ರುಚಿ ಕೆಡಿಸಿದ್ದು ಯಾರು?

1871ರ ಸೆಪ್ಟೆಂಬರಿನಲ್ಲಿ ಲೂಯಿ ಪಾಶ್ಚರ್ ಲಂಡನ್ನಿನ ಚಿಸ್ವೆಲ್ ಬೀದಿಯಲ್ಲಿದ್ದ ವಿಟ್‌ಬ್ರೆಡ್ ಬಿಯರ್ ಕಾರ್ಖಾನೆಗೆ ಹೋದ. ಪೋರ್ಟರ್ ಎಂಬ ಕಪ್ಪು ಬಿಯರಿನ ಯೀಸ್ಟ್ ಒಂದಿಷ್ಟು ಕೊಡಿ ಎಂದು ಕೇಳಿ, ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ದುಂಡಗಿನ ಯೀಸ್ಟ್ ಕಣಗಳ ನಡುವೆ ಉದ್ದುದ್ದ ಎಳೆಗಳಂಥವು ಸೇರಿಕೊಂಡಿದ್ದವು. ಈ ಪೋರ್ಟರ್ ಇರಬೇಕಾದ ಹಾಗೆ ಇಲ್ಲ ಎಂದು ಅಲ್ಲೇ ಹೇಳಿಬಿಟ್ಟ. ಕಾರ್ಖಾನೆಯವರು ತಬ್ಬಿಬ್ಬಾದರು. ರುಚಿ ಕೆಟ್ಟಿದ್ದು ಅವರಿಗೆ ಗೊತ್ತಿತ್ತು, ಅದಕ್ಕೆಂದೇ ಇನ್ನೊಂದು ಕಾರ್ಖಾನೆಯಿಂದ ಹೊಸ ಯೀಸ್ಟ್ ತರಿಸುವ ಏರ್ಪಾಡೂ ನಡೆದಿತ್ತು. ಆದರೆ ಹೊರಗಿನವನೊಬ್ಬ ಅದನ್ನು ಕಣ್ಣಲ್ಲಿ ನೋಡಿ ಹೇಳಬಹುದೆಂದು ಅವರು ಎಣಿಸಿರಲಿಲ್ಲ. ವಾರದೊಳಗೆ ಪಾಶ್ಚರ್ ಮತ್ತೆ ಅಲ್ಲಿಗೆ ಹೋದಾಗ ಹೊಸದೊಂದು ಸೂಕ್ಷ್ಮದರ್ಶಕವನ್ನು ಕೊಂಡು ತಂದಿಟ್ಟಿದ್ದರು.

ಬಿಯರ್ ಎಂದರೆ ಪಾಶ್ಚರ್‌ಗೆ ಅಷ್ಟಕ್ಕಷ್ಟೆ ಎನ್ನುತ್ತಾರೆ. ಅವನನ್ನು ಈ ಕೆಲಸಕ್ಕೆ ಇಳಿಸಿದ್ದು ಸಿಟ್ಟು. ಪ್ರಷ್ಯಾದ ಎದುರು ಫ್ರಾನ್ಸ್ ಸೋತು ಮಣ್ಣುಮುಕ್ಕಿದ ವರ್ಷ ಅದು. ಬಿಯರಿನಲ್ಲಾದರೂ ಜರ್ಮನರನ್ನು ಮೀರಿಸಬೇಕೆಂಬ ಹಟ ಹಿಡಿದು ಕೂತ. ಆ ಹಟದ ಫಲವಾಗಿ 1876ರಲ್ಲಿ ಬಿಯರ್ ಕುರಿತ ಅವನ ಪುಸ್ತಕ ಹೊರಬಂತು. ಹುಳಿ, ಕಮಟು, ಲೋಳೆ, ಏನೇ ಬಂದರೂ ಹೊರಗಿನಿಂದ ನುಗ್ಗಿದ ಬ್ಯಾಕ್ಟೀರಿಯಾಗಳೇ ಅದಕ್ಕೆ ಕಾರಣ, ಅವನ್ನು ದೂರವಿಟ್ಟರೆ ಬಿಯರ್ ಕೆಡದು ಎಂಬುದು ಅದರ ತಿರುಳು.

ಮನೆಯಲ್ಲಿ ಬಿಯರ್ ಮಾಡುವವರು ಇವತ್ತಿಗೂ ಮೊದಲು ಹಿಡಿಯುವುದು ಇದೇ ದಾರಿ. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಈ ಹವ್ಯಾಸಕ್ಕೆ ಬಾಗಿಲು ತೆರೆಯಿತು. ಕರ್ನಾಟಕದಲ್ಲಿ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವ ಹಾಗಿಲ್ಲ. ಹಾಗಾಗಿ ಇದನ್ನು ಕೈಯಾರೆ ಬಲ್ಲ ಕನ್ನಡಿಗರು ಹೆಚ್ಚಾಗಿ ಹೊರದೇಶಗಳ ಗ್ಯಾರೇಜುಗಳಲ್ಲಿ ಸಿಗುತ್ತಾರೆ. ಮೊದಲ ಬಾಟಲಿ ತೆರೆದಾಗ ಬೆಣ್ಣೆಯ ವಾಸನೆಯೋ ಹಸಿ ಸೇಬಿನ ವಾಸನೆಯೋ ಮೂಗಿಗೆ ಬಡಿದರೆ, ಪಾತ್ರೆ ಸರಿಯಾಗಿ ತೊಳೆದಿಲ್ಲ ಎಂದೇ ಎಲ್ಲರೂ ತೀರ್ಮಾನಿಸುತ್ತಾರೆ. ಇಡೀ ಬಿಯರನ್ನು ಮೋರಿಗೆ ಸುರಿಯುವವರೂ ಇದ್ದಾರೆ. ಬಹುಪಾಲು ಸಲ ಅದು ಅನ್ಯಾಯ. ಯಾಕೆ ಅನ್ಯಾಯ ಎಂದು ಪತ್ತೆಯಾಗಲು ನೂರು ವರ್ಷ ಹಿಡಿಯಿತು, ಆ ಪತ್ತೇದಾರಿಯ ದೊಡ್ಡ ಭಾಗ ನಡೆದದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನಲ್ಲಿ.

ಕಾರ್ಲ್ಸ್‌ಬರ್ಗ್ ಕಾರ್ಖಾನೆಯನ್ನು ಕಟ್ಟಿದವನು ಜೆ. ಸಿ. ಯಾಕೋಬ್‌ಸೆನ್. 1845ರಲ್ಲಿ ಮ್ಯೂನಿಕ್ಕಿನ ಸ್ಪಾಟನ್ ಕಾರ್ಖಾನೆಯಿಂದ ಯೀಸ್ಟನ್ನು ತಗಡಿನ ಡಬ್ಬಿಗಳಲ್ಲಿ ತುಂಬಿಕೊಂಡು, ಕೋಚು ಗಾಡಿ ನಿಂತಲ್ಲೆಲ್ಲ ಅದರ ಮೇಲೆ ತಣ್ಣೀರು ಹೊಯ್ಯುತ್ತ ಕೋಪನ್‌ಹೇಗನ್ ಮುಟ್ಟಿಸಿದ ಆಸಾಮಿ. 1875ರಲ್ಲಿ ಅವನು ಒಂದು ಪ್ರಯೋಗಾಲಯವನ್ನೂ ತೆರೆದು, ಅಲ್ಲಿ ಕಂಡುಕೊಂಡದ್ದನ್ನು ಗುಟ್ಟಾಗಿಡಕೂಡದು ಎಂದು ಕರಾರು ಹಾಕಿದ. ವ್ಯಾಪಾರಿಯೊಬ್ಬ ಹೀಗೆ ಬರೆದುಕೊಟ್ಟದ್ದು ಆ ಕಾಲಕ್ಕೇನು, ಈ ಕಾಲಕ್ಕೂ ಅಪರೂಪವೇ.

ಆ ಪ್ರಯೋಗಾಲಯಕ್ಕೆ ಬಂದು ಸೇರಿದ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಮೊದಲು ಗೋಡೆಗೆ ಬಣ್ಣ ಬಳಿಯುವ ಕೆಲಸ ಕಲಿತವನು. ಕತೆ ಬರೆದು ಓದಿಗೆ ದುಡ್ಡು ಹೊಂದಿಸಿಕೊಂಡಿದ್ದ. ಡಾರ್ವಿನ್ನನ ಬೀಗಲ್ ಪಯಣದ ಪುಸ್ತಕವನ್ನು ಜೊತೆಗಾರನೊಬ್ಬನೊಡನೆ ಡೇನಿಶ್ ಭಾಷೆಗೆ ತಂದಿದ್ದ. ಸಗಣಿಯ ಮೇಲೆ ಬೆಳೆಯುವ ಅಣಬೆಗಳ ಬಗ್ಗೆ ಪ್ರಬಂಧ ಬರೆದು ಚಿನ್ನದ ಪದಕ ಗೆದ್ದಿದ್ದ. ಇಂಥವನಿಗೆ ಪಾಶ್ಚರ್‌ನ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಬ್ಯಾಕ್ಟೀರಿಯಾ ಕಾಣದ ಬಿಯರೂ ಕಹಿಯಾಗುತ್ತದಲ್ಲ, ಮಬ್ಬಾಗುತ್ತದಲ್ಲ? ಯೀಸ್ಟ್ ಎಂದು ನಾವು ಕರೆಯುವುದರಲ್ಲೇ ಹಲವು ಜಾತಿಗಳು ಬೆರೆತಿದ್ದರೆ?

ಅದನ್ನು ತೋರಿಸಬೇಕಾದರೆ ಒಂದೇ ಒಂದು ಕಣವನ್ನು ಬೇರ್ಪಡಿಸಿ ಅದರ ಸಂತಾನವನ್ನಷ್ಟೇ ಬೆಳೆಸಬೇಕು. ಹಾನ್ಸೆನ್ ಯೀಸ್ಟ್ ನೀರನ್ನು ಮತ್ತೆ ಮತ್ತೆ ತೆಳು ಮಾಡಿ, ಕೊನೆಗೆ ಎರಡು ಸೀಸೆಗೆ ಒಂದು ಕಣ ಬೀಳುವಷ್ಟು ತೆಳುವಾಗಿಸಿದ. ಕೆಲವು ಸೀಸೆಗಳಲ್ಲಿ ಏನೂ ಬೆಳೆಯಲಿಲ್ಲ. ಬೆಳೆದ ಕಡೆ ತಳದಲ್ಲಿ ಒಂದೇ ಒಂದು ಚುಕ್ಕೆ ಕಂಡರೆ ಅದು ಒಂದೇ ಕಣದ ವಂಶ ಎಂದು ಲೆಕ್ಕ. ಆಮೇಲೆ ಜಿಲೆಟಿನ್ ಪದರದಲ್ಲಿ ಕಣವನ್ನು ಹುದುಗಿಸಿ, ಅದು ಚಿಗುರೊಡೆದು ಬೆಳೆಯುವುದನ್ನು ಸೂಕ್ಷ್ಮದರ್ಶಕದಡಿ ಕಾದು ನೋಡುವ ವಿಧಾನ ಹಿಡಿದ. ಕಾರ್ಲ್ಸ್‌ಬರ್ಗ್‌ನ ಯೀಸ್ಟಿನಲ್ಲಿ ನಾಲ್ಕು ಬಗೆ ಸಿಕ್ಕವು. ಒಳ್ಳೆಯ ಬಿಯರ್ ಕೊಟ್ಟದ್ದು ಒಂದೇ. ಉಳಿದವು ಕಾಡು ಯೀಸ್ಟ್. 1883ರ ನವೆಂಬರ್ 12ರಂದು ಆ ಒಂದೇ ಬಗೆಯಿಂದ ಕಾರ್ಖಾನೆಯಲ್ಲಿ ಬಿಯರ್ ಹುದುಗಿಸಿದರು. ಮೊದಲು ಅನುಮಾನಪಟ್ಟ ಯಾಕೋಬ್‌ಸೆನ್ ಫಲಿತಾಂಶ ಕಂಡಮೇಲೆ, ತನ್ನ ಕರಾರಿಗೆ ತಾನೇ ಬದ್ಧನಾಗಿ, ಕೇಳಿದ ಕಾರ್ಖಾನೆಗಳಿಗೆಲ್ಲ ಆ ಯೀಸ್ಟನ್ನು ಹಂಚಿದ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಕೆಡುಕರನ್ನೆಲ್ಲ ಹೊರಗೆ ಹಾಕಿಯಾಯಿತು. ಆದರೆ ಇಂಗ್ಲೆಂಡಿನವರು ಮೂಗು ಮುರಿದರು. ಅವರ ಸ್ಟಾಕ್ ಏಲ್ ಎಂಬ ಬಿಯರನ್ನು ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಇಟ್ಟು ಮಾಗಿಸುತ್ತಿದ್ದರು. ಶುದ್ಧ ಯೀಸ್ಟಿನಿಂದ ಮಾಡಿದ ಸ್ಟಾಕ್ ಏಲ್ ಕೆಡುತ್ತಿರಲಿಲ್ಲ ನಿಜ, ಆದರೆ ಮಾಗುತ್ತಲೂ ಇರಲಿಲ್ಲ. ಪೀಪಾಯಿಯೊಳಗೆ ನಿಧಾನವಾಗಿ ನಡೆಯಬೇಕಾದ ಎರಡನೇ ಹುದುಗು ನಡೆಯುತ್ತಲೇ ಇರಲಿಲ್ಲ, ಹಳೆಯ ಏಲಿನ ವೈನಿನಂಥ ಘಮ ಬರುತ್ತಿರಲಿಲ್ಲ. ಹಾನ್ಸೆನ್ನನ ವಿಧಾನ ತಮ್ಮ ನಾಡಿಗೆ ಒಗ್ಗದು ಎಂದು ಹಲವರು ಕೈಬಿಟ್ಟರು.

ಇದನ್ನು ಬಿಡಿಸಿದವನು ನ್ಯೂ ಕಾರ್ಲ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿದ್ದ ನೀಲ್ಸ್ ಯೆಲ್ಟೆ ಕ್ಲಾಸೆನ್. ನನ್ನ ಕಣ್ಣಿಗೆ ಈ ಇಡೀ ಕತೆಯ ನಾಯಕ ಇವನೇ, ಪಾಶ್ಚರ್ ಹಾನ್ಸೆನ್‌ರ ಹೆಸರು ಪಠ್ಯಪುಸ್ತಕದಲ್ಲಿದ್ದರೂ. ಕ್ಲಾಸೆನ್ ಇಂಗ್ಲಿಷ್ ಸ್ಟಾಕ್ ಬಿಯರುಗಳನ್ನು ಪರೀಕ್ಷಿಸಿ, ಮೊದಲ ಹುದುಗು ಮುಗಿದು ಎಲ್ಲ ತಣ್ಣಗಾದ ಮೇಲೆ ಮೆಲ್ಲಗೆ ಕೆಲಸಕ್ಕಿಳಿಯುವ ಬೇರೊಂದು ಯೀಸ್ಟನ್ನು ಹಿಡಿದ. ಮಾಮೂಲಿ ಯೀಸ್ಟ್ ಮುಟ್ಟದೆ ಬಿಟ್ಟ ಸಕ್ಕರೆಗಳನ್ನು ಇದು ತಿಂಗಳುಗಟ್ಟಲೆ ತಿನ್ನುತ್ತದೆ, ಜೊತೆಗೆ ಆ ಘಮವನ್ನೂ ಕೊಡುತ್ತದೆ. ಬ್ರಿಟಿಷ್ ಬಿಯರಿನಲ್ಲಿ ಸಿಕ್ಕಿತೆಂದು ಅದಕ್ಕೆ ಬ್ರೆಟನೊಮೈಸಿಸ್ ಎಂದು ಹೆಸರಿಟ್ಟ. 1903ರಲ್ಲಿ ಪೇಟೆಂಟ್ ಮಾಡಿ, 1904ರಲ್ಲಿ ಲಂಡನ್ನಿನ ಬ್ರೂಯಿಂಗ್ ಸಂಸ್ಥೆಯ ಸಭೆಯಲ್ಲಿ ವಿವರಿಸಿದ. ಮೊದಲು ಶುದ್ಧ ಯೀಸ್ಟಿನಿಂದ ಹುದುಗಿಸಿ, ಆಮೇಲೆ ಬೇಕೆಂದೇ ಇದನ್ನು ಬೆರೆಸಿ ಕಾಯಿರಿ ಎಂಬುದು ಅವನ ಸಲಹೆ. ಹಾನ್ಸೆನ್ ಕಾಡು ಯೀಸ್ಟುಗಳನ್ನು ಹೊರಗಟ್ಟಿ ಸುಮಾರು ಇಪ್ಪತ್ತು ವರ್ಷಗಳಾಗಿದ್ದವು. ಅಂಥದೊಂದನ್ನು ಕೈಹಿಡಿದು ಒಳಕ್ಕೆ ಕರೆತಂದವನೂ ಕಾರ್ಲ್ಸ್‌ಬರ್ಗ್‌ನವನೇ. ಅದೇ ಕ್ಲಾಸೆನ್ 1903ರಲ್ಲೇ ಬಿಯರಿಗೆ ಬೆಣ್ಣೆ ವಾಸನೆ ತರುವ ಬ್ಯಾಕ್ಟೀರಿಯಾ ಒಂದಕ್ಕೆ ಪೀಡಿಯೊಕಾಕಸ್ ಡ್ಯಾಮ್ನೋಸಸ್ ಎಂದು ಹೆಸರಿಟ್ಟು ಅಪರಾಧಿಗಳ ಪಟ್ಟಿಗೂ ಸೇರಿಸಿದ್ದ.

ಇಂಗ್ಲೆಂಡಿನಿಂದ ಹಡಗೇರಿ ಆಫ್ರಿಕಾದ ತುದಿ ಸುತ್ತಿ ಮದರಾಸಿಗೆ ಬರುತ್ತಿದ್ದ, ಅಲ್ಲಿಂದ ಬೆಂಗಳೂರಿನ ದಂಡಿನ ಸೋಲ್ಜರುಗಳನ್ನು ಮುಟ್ಟುತ್ತಿದ್ದ ಪೀಪಾಯಿ ಬಿಯರಿನಲ್ಲೂ ಈ ಯೀಸ್ಟ್ ಇದ್ದಿರುವ ಸಾಧ್ಯತೆ ಹೆಚ್ಚು. ನಾಲ್ಕೈದು ತಿಂಗಳ ಪಯಣವೇ ಅದಕ್ಕೆ ಮಾಗುವ ಕಾಲ.

ಬ್ರೆಟ್ ಎಂದು ಮೊಟಕಾಗಿ ಕರೆಸಿಕೊಳ್ಳುವ ಈ ಯೀಸ್ಟಿನ ನಡವಳಿಕೆ ನೋಡಬೇಕಾದರೆ ಬೆಲ್ಜಿಯಮ್ಮಿನ ಓರ್ವಾಲ್ ಮಠದ ಬಿಯರ್ ಇದೆ. ಅಲ್ಲಿ ಬಾಟಲಿ ತುಂಬುವಾಗ ಬ್ರೆಟ್ ಸೇರಿಸುತ್ತಾರೆ, ತುಂಬಿದ ದಿನಾಂಕವನ್ನು ಲೇಬಲ್ಲಿನಲ್ಲಿ ಅಚ್ಚು ಹಾಕುತ್ತಾರೆ. ಹೊಸತರಲ್ಲಿ ಹಾಪ್ಸಿನ ಕಹಿ ಮುಂದೆ ನಿಂತಿರುತ್ತದೆ, ಆರು ತಿಂಗಳಾದ ಮೇಲೆ ಚರ್ಮದ, ಕುದುರೆ ಲಾಯದ ವಾಸನೆ ಏಳುತ್ತದೆ. ಹಳೆಯದೇ ಬೇಕೆಂದು ಕೇಳಿ ಕುಡಿಯುವವರಿದ್ದಾರೆ. ಇದೇ ವಾಸನೆ ದುಬಾರಿ ವೈನಿನಲ್ಲಿ ಬಂದರೆ ಪೀಪಾಯಿ ಕೆಟ್ಟಿತೆಂದು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಮನೆಯಲ್ಲಿ ಬ್ರೆಟ್ ಹಾಕುವವರು ಮಾತ್ರ ದಪ್ಪ ಗಾಜಿನ ಬಾಟಲಿಯನ್ನೇ ಹುಡುಕಬೇಕು. ಕೊನೆಯ ಚೂರು ಸಕ್ಕರೆಯನ್ನೂ ಬಿಡದೆ ತಿಂದು ಅನಿಲ ಮಾಡುವ ಪ್ರಾಣಿ ಅದು, ತೆಳು ಬಾಟಲಿ ಸಿಡಿದೀತು.

ಇನ್ನು ಬೆಣ್ಣೆ ವಾಸನೆಯ ಮಾತು. ಅದರ ಹಿಂದಿರುವ ವಸ್ತು ಡೈಅಸಿಟೈಲ್, ನಿಜವಾದ ಬೆಣ್ಣೆಯ ಘಮದಲ್ಲೂ ಅದೇ ಇರುತ್ತದೆ. ಬಿಯರಿನ ಒಂದು ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗ ಇದ್ದರೂ ಚುರುಕು ಮೂಗು ಹಿಡಿದುಬಿಡುತ್ತದೆ. ಬಹುಕಾಲ ಎಲ್ಲ ತಪ್ಪನ್ನೂ ಕ್ಲಾಸೆನ್ ಹೆಸರಿಟ್ಟ ಆ ಬ್ಯಾಕ್ಟೀರಿಯಾದ ತಲೆಗೇ ಕಟ್ಟಿದ್ದರು. 20ನೇ ಶತಮಾನದ ನಡುಭಾಗದ ಹೊತ್ತಿಗೆ ಮುಜುಗರದ ಸಂಗತಿ ಬಯಲಾಯಿತು: ಒಂದೂ ಬ್ಯಾಕ್ಟೀರಿಯಾ ಇಲ್ಲದ, ಹಾನ್ಸೆನ್ ಮೆಚ್ಚುವಷ್ಟು ಶುದ್ಧವಾದ ಯೀಸ್ಟೇ ಇದನ್ನು ಹುಟ್ಟಿಸುತ್ತದೆ. ತನಗೆ ಬೇಕಾದ ಅಮೈನೋ ಆಮ್ಲ ಕಟ್ಟಿಕೊಳ್ಳುವ ಭರದಲ್ಲಿ ಅಸಿಟೊಲ್ಯಾಕ್ಟೇಟ್ ಎಂಬುದನ್ನು ಮೈಯಿಂದ ಹೊರಕ್ಕೆ ಸೋರಿಸುತ್ತದೆ. ಇದಕ್ಕೆ ವಾಸನೆಯಿಲ್ಲ. ಬಿಯರಿನಲ್ಲಿ ತೇಲುತ್ತ ತೇಲುತ್ತ, ಯಾರ ನೆರವೂ ಇಲ್ಲದೆ, ಬಹಳ ನಿಧಾನವಾಗಿ ಅದು ಡೈಅಸಿಟೈಲ್ ಆಗಿ ಮಾರ್ಪಡುತ್ತದೆ. ಹಾಗೆ ಮಾರ್ಪಟ್ಟದ್ದನ್ನು ಯೀಸ್ಟೇ ಮತ್ತೆ ಒಳಗೆಳೆದುಕೊಂಡು, ಮೂಗಿಗೆ ತಾಕದ ಬೇರೆ ವಸ್ತುವಾಗಿ ಮಾಡಿ ಬಿಡುತ್ತದೆ. ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್ ಕೂಡ ಹಾಗೆಯೇ, ಮದ್ಯಸಾರ ಆಗುವುದಕ್ಕೆ ಒಂದೇ ಹೆಜ್ಜೆ ಹಿಂದೆ ಉಳಿದದ್ದು.

ಬಾಟಲಿಯೊಳಗಿನ ಕಾಯುವಿಕೆಗೆ ಕಾರಣ ಇಲ್ಲಿದೆ. ಲೀಟರಿಗೆ ಆರೇಳು ಗ್ರಾಂ ಸಕ್ಕರೆ ಹಾಕಿ, ಮುಚ್ಚಳ ಬಡಿದು, ಸುಮಾರು 20 ಡಿಗ್ರಿಯಲ್ಲಿ ಎರಡು ಮೂರು ವಾರ ಇಡುವುದು ರೂಢಿ. ನೊರೆ ಬರಲಿ ಎಂದು ಇಡುತ್ತಾರೆ, ಆದರೆ ಮತ್ತೆ ಎಚ್ಚರಗೊಂಡ ಯೀಸ್ಟ್ ತಾನು ಬಿಟ್ಟುಹೋದ ಗಲೀಜನ್ನೂ ಗುಡಿಸುತ್ತಿರುತ್ತದೆ. ಅವಸರಪಟ್ಟು ನಾಲ್ಕನೇ ದಿನ ಫ್ರಿಜ್ಜಿನಲ್ಲಿಟ್ಟರೆ ಅದು ತಳಕ್ಕಿಳಿದು ಮಲಗುತ್ತದೆ, ಗಲೀಜು ಅಲ್ಲೇ ಉಳಿಯುತ್ತದೆ. ಕಾಯುವುದರಿಂದ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಬಿಸಿಲು ತಾಗಿ ಬಂದ ನಾತ, ಗಾಳಿ ಸೇರಿ ಬಂದ ಒದ್ದೆ ರಟ್ಟಿನ ರುಚಿ, ಬ್ಯಾಕ್ಟೀರಿಯಾದ ಹುಳಿ ಇವು ವರ್ಷ ಕಾದರೂ ಹೋಗವು. ಬಾಟಲಿ ತುಂಬುವ ಮುಂಚೆಯೇ ತಿಳಿಯಬೇಕೆಂದರೆ ಒಂದು ಸುಲಭ ಪರೀಕ್ಷೆ ಇದೆ. ಒಂದು ಲೋಟ ಬಿಯರನ್ನು ಮುಚ್ಚಿ, ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಆರಿಸಿ ಮೂಸಬೇಕು. ಬಿಸಿಗೆ ಅಡಗಿದ್ದ ಅಸಿಟೊಲ್ಯಾಕ್ಟೇಟ್ ಎಲ್ಲ ಡೈಅಸಿಟೈಲ್ ಆಗುತ್ತದೆ. ಬೆಣ್ಣೆ ವಾಸನೆ ಬಂದರೆ ಉಳಿದ ಬಿಯರನ್ನು ಯೀಸ್ಟಿನ ಜೊತೆ ಇನ್ನಷ್ಟು ದಿನ ಬಿಡಬೇಕು.

ದೊಡ್ಡ ಕಾರ್ಖಾನೆಗೆ ಆ ಇನ್ನಷ್ಟು ದಿನ ಎಂದರೆ ತೊಟ್ಟಿಗಳ ಬಾಡಿಗೆ, ಕರೆಂಟಿನ ಬಿಲ್ಲು. 1982ರಲ್ಲಿ ಗಾಡ್‌ಫ್ರೆಡ್‌ಸೆನ್ ಮತ್ತು ಒಟ್ಟೆಸೆನ್ ಎಂಬ ಡೇನಿಶ್ ವಿಜ್ಞಾನಿಗಳು ಇದಕ್ಕೂ ಒಂದು ದಾರಿ ಹುಡುಕಿ, ಕಾರ್ಲ್ಸ್‌ಬರ್ಗ್‌ನದೇ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಸಿಟೊಲ್ಯಾಕ್ಟೇಟನ್ನು ಡೈಅಸಿಟೈಲ್ ಆಗಲು ಬಿಡದೆ ನೇರವಾಗಿ ನಿರುಪದ್ರವಿ ವಸ್ತುವಾಗಿಸುವ ಕಿಣ್ವ ಅದು. ವಾರಗಳ ಮಾಗುವಿಕೆ ಅದರಿಂದ ದಿನಗಳಿಗೆ ಇಳಿಯಿತು. ಈಗ ಅದು ಪುಟ್ಟ ಸೀಸೆಗಳಲ್ಲಿ ಮನೆಯಲ್ಲಿ ಬಿಯರ್ ಮಾಡುವವರಿಗೂ ಸಿಗುತ್ತದೆ. ಹುದುಗು ಶುರುವಾಗುವಾಗಲೇ ಹಾಕಿರಬೇಕು. ಆಗಲೇ ಹುಟ್ಟಿಬಿಟ್ಟ ಡೈಅಸಿಟೈಲನ್ನು ಅದು ಮುಟ್ಟುವುದಿಲ್ಲ. ಮುಚ್ಚಳ ಬಡಿದಾದ ಮೇಲೆ ಬೆಣ್ಣೆ ವಾಸನೆ ಕಂಡರೆ ಬಾಟಲಿಗಳನ್ನು ಫ್ರಿಜ್ಜಿನಿಂದ ಈಚೆ ತೆಗೆದು, ಬೆಚ್ಚಗಿನ ಕೋಣೆಯ ಕತ್ತಲೆ ಮೂಲೆಯಲ್ಲಿಟ್ಟು, ವಾರ ಬಿಟ್ಟು ಒಂದನ್ನು ತೆರೆದು ನೋಡಬೇಕು.