ಹಿಂಬದಿ ಸೀಟಿನಿಂದ ಕಂಡ ಮೂರು ಚಕ್ರ

ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರವನ್ನು ತೆಗೆದು ಆ ಜಾಗದಲ್ಲಿ ಅಕ್ಕಪಕ್ಕಕ್ಕೆ ಎರಡು ಚಕ್ರಗಳನ್ನು ಜೋಡಿಸಿದರೆ ಆಗುವ ವಾಹನಕ್ಕೆ ಅಮೆರಿಕದಲ್ಲಿ ಟ್ರೈಕ್ ಎನ್ನುತ್ತಾರೆ. ಹ್ಯಾಂಡಲ್, ಎಂಜಿನ್, ಸೀಟು ಎಲ್ಲವೂ ಬೈಕಿನವೇ ಆಗಿರುವುದರಿಂದ ಇದು ಬೀಳದ ಬೈಕು ಎಂದು ನೋಡಿದವರಿಗೆ ಅನಿಸುತ್ತದೆ, ಮಾರುವವರೂ ಬಹುಮಟ್ಟಿಗೆ ಹಾಗೆಯೇ ಹೇಳುತ್ತಾರೆ. ಹ್ಯಾಂಡಲ್ ಹಿಡಿದವನ ಮಟ್ಟಿಗೆ ಈ ಮಾತು ಹೆಚ್ಚುಕಡಿಮೆ ಸರಿ. ಹಿಂದೆ ಕೂತವರ ಮಟ್ಟಿಗೆ ಮಾತ್ರ ಟ್ರೈಕ್ ಎಂಬುದು ವಾಲದ ಬೈಕು, ಮತ್ತು ಈ ವಾಲದಿರುವ ಗುಣವೇ ಅವರ ಸುಖವನ್ನೂ ಕಷ್ಟವನ್ನೂ ನಿರ್ಧರಿಸುತ್ತದೆ.

ನ್ಯೂಜೆರ್ಸಿಯ ಎಡಿಸನ್‌ನಂಥ ಊರಿನಲ್ಲಿ ಈ ವಿಷಯ ತಿಳಿದಿರುವುದು ಉಪಯುಕ್ತ. ಥಾಮಸ್ ಎಡಿಸನ್ನನ ಮೆನ್ಲೊ ಪಾರ್ಕ್ ಪ್ರಯೋಗಾಲಯ ಇದ್ದ ಕಾರಣಕ್ಕೆ 1954ರಲ್ಲಿ ಈ ಹೆಸರು ಪಡೆದ ಈ ಊರು, ಓಕ್ ಟ್ರೀ ರಸ್ತೆಯ ಭಾರತೀಯ ಅಂಗಡಿಸಾಲಿನಿಂದಲೂ, ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನದಿಂದಲೂ ಅಮೆರಿಕದ ಕನ್ನಡಿಗರಿಗೆ ಪರಿಚಿತ. ರಾಜ್ಯದ ಕನ್ನಡ ಕೂಟವಾದ ‘ಬೃಂದಾವನ’ದ ಚಟುವಟಿಕೆಯೂ ಈ ಸುತ್ತಿನದೇ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನ 2010ರಲ್ಲಿ ನಡೆದದ್ದೂ ನ್ಯೂಜೆರ್ಸಿಯಲ್ಲೇ. ದಶಕಗಳ ಹಿಂದೆ ಬಂದು ನೆಲೆಸಿದ ತಲೆಮಾರು ಈಗ ನಿವೃತ್ತಿಯ ವಯಸ್ಸಿನಲ್ಲಿದೆ. ಮುನ್ನೂರೈವತ್ತು ಕಿಲೋ ಮೀರಿ ತೂಗುವ ಪ್ರವಾಸಿ ಬೈಕನ್ನು ಸಿಗ್ನಲ್ಲಿನಲ್ಲಿ ಕಾಲೂರಿ ನಿಲ್ಲಿಸುವುದು ಮೊಣಕಾಲು ನೋವಿನವರಿಗೆ ಆಗದ ಕೆಲಸ; ಬೈಕು ಬಿಡಲು ಮನಸ್ಸಿಲ್ಲದವರು ಆಗ ಟ್ರೈಕಿನ ಕಡೆ ನೋಡುತ್ತಾರೆ. ಆ ವಯಸ್ಸಿನಲ್ಲಿ ಹಿಂಬದಿ ಸವಾರರು ಬಹುತೇಕ ಹೆಂಡತಿ ಅಥವಾ ಗಂಡ, ಮತ್ತು ಅವರ ಮೊಣಕಾಲಿಗೂ ಅಷ್ಟೇ ವಯಸ್ಸಾಗಿರುತ್ತದೆ.

ಮೂರು ಚಕ್ರದ ಮೋಟಾರ್‌ಸೈಕಲ್ ಹೊಸದಲ್ಲ. ಹಾರ್ಲೆ ಡೇವಿಡ್‌ಸನ್ ಕಂಪನಿ 1932ರಿಂದ 1973ರವರೆಗೆ ‘ಸರ್ವಿಕಾರ್’ ಎಂಬ ಮೂರು ಚಕ್ರದ ಗಾಡಿಯನ್ನು ತಯಾರಿಸಿತು. ಅದು ಪೊಲೀಸರಿಗೂ ಗ್ಯಾರೇಜಿನವರಿಗೂ ಬೇಕಾದ ದುಡಿಮೆಯ ಗಾಡಿ, ಹಿಂದೆ ಇದ್ದದ್ದು ಸಾಮಾನಿನ ಪೆಟ್ಟಿಗೆ. ಇಬ್ಬರು ಕೂತು ದೂರ ಹೋಗಲೆಂದೇ ಅದೇ ಕಂಪನಿ ‘ಟ್ರೈ ಗ್ಲೈಡ್’ ತಂದದ್ದು 2008ರಲ್ಲಿ. ಅದಕ್ಕೂ ಮೊದಲೇ ಹೋಂಡಾದ ‘ಗೋಲ್ಡ್ ವಿಂಗ್’ನಂಥ ದೊಡ್ಡ ಬೈಕುಗಳಿಗೆ ಎರಡು ಹಿಂಚಕ್ರ ಜೋಡಿಸಿಕೊಡುವ ಕಾರ್ಖಾನೆಗಳು ಹುಟ್ಟಿಕೊಂಡಿದ್ದವು. ಕೆನಡಾದ ಬಿ.ಆರ್.ಪಿ. ಕಂಪನಿ 2007ರಲ್ಲಿ ಹೊರತಂದ ‘ಕ್ಯಾನ್‌ಆಮ್ ಸ್ಪೈಡರ್’ ಈ ವಿನ್ಯಾಸವನ್ನು ತಿರುವುಮುರುವು ಮಾಡಿ ಮುಂದೆ ಎರಡು, ಹಿಂದೆ ಒಂದು ಚಕ್ರ ಇಟ್ಟಿತು. ಕನ್ನಡ ಓದುಗರಿಗೆ ಮೊದಲ ಬಗೆಯನ್ನು ವಿವರಿಸಬೇಕಾದ್ದೇ ಇಲ್ಲ, ಏಕೆಂದರೆ ಅದು ಆಟೋರಿಕ್ಷಾದ ವಿನ್ಯಾಸ.

ಬೈಕು ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ತಿರುಗುವ ವಾಹನದಲ್ಲಿ ಕೂತವರಿಗೆ ತಮ್ಮನ್ನು ಹೊರಕ್ಕೆ ಎಳೆಯುವಂತೆ ತೋರುವ ಕೇಂದ್ರಾಪಗಾಮಿ ಬಲ ಒಂದಿದೆ, ಕೆಳಕ್ಕೆ ಎಳೆಯುವ ಭೂಮಿಯ ಬಲ ಇನ್ನೊಂದಿದೆ. ಬೈಕು ಸರಿಯಾದ ಕೋನದಲ್ಲಿ ವಾಲಿದಾಗ ಈ ಎರಡೂ ಬಲಗಳು ಕೂಡಿ ಬೆನ್ನುಹುರಿಯ ಗುಂಟ ನೇರವಾಗಿ ಸೀಟಿನೊಳಕ್ಕೆ ಇಳಿಯುತ್ತವೆ. ಹೀಗಾಗಿ ಹಿಂದೆ ಕೂತವರಿಗೆ ಪಕ್ಕಕ್ಕೆ ತಳ್ಳಿದಂತೆ ಅನಿಸುವುದೇ ಇಲ್ಲ, ತೂಕ ತುಸು ಹೆಚ್ಚಿದಂತೆ ಅನಿಸುತ್ತದೆ, ಅಷ್ಟೆ. ತುಂಬಿದ ಕಾಫಿ ಲೋಟವನ್ನು ಅಲ್ಲಿ ಇಡಲು ಸಾಧ್ಯವಿದ್ದರೆ ಅದು ತಿರುವಿನಲ್ಲಿ ತುಳುಕಬೇಕಾದ ಕಾರಣವಿಲ್ಲ. ಟ್ರೈಕ್ ವಾಲುವುದಿಲ್ಲವಾದ್ದರಿಂದ ಪಕ್ಕದ ಬಲ ಪಕ್ಕದ ಬಲವಾಗಿಯೇ ಉಳಿದು ಸೊಂಟಕ್ಕೂ ಭುಜಕ್ಕೂ ಬಂದು ಬಡಿಯುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಪ್ರಯಾಣಿಕರು ಪಕ್ಕದವರ ಮೇಲೆ ಬೀಳುವುದು ಈ ಬಲದಿಂದಲೇ. ಆದರೆ ಬಸ್ಸಿಗೆ ಗೋಡೆಯಿದೆ, ಕಾರಿಗೆ ಬಾಗಿಲೂ ಸೀಟ್ ಬೆಲ್ಟೂ ಇವೆ. ಟ್ರೈಕಿನ ಹಿಂಬದಿ ಸವಾರರು ಮುಂದಿನವರಿಗಿಂತ ಎತ್ತರದಲ್ಲಿ, ಎರಡೂ ಪಕ್ಕ ಬಯಲಾಗಿ ಕೂತಿರುತ್ತಾರೆ.

ಈ ಬಲ ಎಷ್ಟೆಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. 50 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಹೋದರೆ 60 ಕಿಲೋ ತೂಕದವರನ್ನು ಹೊರಕ್ಕೆ ತಳ್ಳುವ ಬಲ ಸುಮಾರು 15 ಕಿಲೋ ಭಾರಕ್ಕೆ ಸಮ. ಬೈಕಿನಲ್ಲಿ ಇದೇ ತಿರುವಿಗೆ 14 ಡಿಗ್ರಿಯಷ್ಟು ವಾಲಿದರೆ ಸಾಕು, ಕೂತವರ ತೂಕ ನೂರಕ್ಕೆ ಮೂರರಷ್ಟು ಏರಿದಂತೆ ಅನಿಸಿ ಮುಗಿಯುತ್ತದೆ. ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅದೇ ತಿರುವನ್ನು 35 ಮೈಲಿ ವೇಗದಲ್ಲಿ ದಾಟಿದರೆ ಪಕ್ಕದ ಬಲ 30 ಕಿಲೋಗೆ, ಎಂದರೆ ದೇಹದ ಅರ್ಧ ತೂಕಕ್ಕೆ ಮುಟ್ಟುತ್ತದೆ. ಹ್ಯಾಂಡಲ್ ಹಿಡಿದವನಿಗೆ ತಿರುವು ಯಾವಾಗ ಶುರುವಾಗುತ್ತದೆ ಎಂಬುದು ಗೊತ್ತಿರುತ್ತದೆ, ಹಿಡಿಯಲು ಗಟ್ಟಿ ಆಸರೆಯೂ ಇರುತ್ತದೆ. ಹಿಂದಿನವರಿಗೆ ಎರಡೂ ತಡವಾಗಿ ಸಿಗುತ್ತವೆ. ಅದೇ ತಿರುವನ್ನು ಒಬ್ಬರು ಸೊಗಸಾಗಿತ್ತು ಎಂದರೆ ಇನ್ನೊಬ್ಬರು ಜೀವ ಬಾಯಿಗೆ ಬಂತು ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ತಿರುವುಗಳ ವಿಷಯದಲ್ಲಿ ನ್ಯೂಜೆರ್ಸಿ ಉದಾರವಾದ ರಾಜ್ಯ. ಎಡಿಸನ್‌ಗೆ ತಾಗಿಕೊಂಡಿರುವ ವುಡ್‌ಬ್ರಿಜ್‌ನಲ್ಲಿ 1929ರಲ್ಲಿ ಅಮೆರಿಕದ ಮೊದಲ ‘ಕ್ಲೋವರ್‌ಲೀಫ್’ ತೆರೆಯಿತು. ಎರಡು ಹೆದ್ದಾರಿಗಳು ಒಂದರ ಮೇಲೊಂದು ದಾಟುವಲ್ಲಿ ನಾಲ್ಕು ಮೂಲೆಗೂ ಎಲೆಯಾಕಾರದ ಸುತ್ತುದಾರಿ ಕೊಡುವ ಈ ವ್ಯವಸ್ಥೆಯಲ್ಲಿ ವಾಹನ ಮುಕ್ಕಾಲು ವೃತ್ತದಷ್ಟು ಒಂದೇ ಸಮನೆ ತಿರುಗುತ್ತ ಹೋಗುತ್ತದೆ. ರಾಜ್ಯದ ಇನ್ನೊಂದು ವಿಶೇಷ ‘ಜಗ್‌ಹ್ಯಾಂಡಲ್’, ಅಂದರೆ ಹೂಜಿಯ ಹಿಡಿ: ಬಲಬದಿ ಸಂಚಾರದ ಈ ದೇಶದಲ್ಲಿ ಎಡಕ್ಕೆ ಹೋಗಬೇಕಾದವರು ಎದುರಿನ ಸಾಲನ್ನು ಅಡ್ಡ ಕತ್ತರಿಸುವ ಬದಲು ಮೊದಲು ಬಲಕ್ಕೆ ಒಂದು ಸುತ್ತುದಾರಿಗೆ ಇಳಿದು, ಬಳಸಿ ಬಂದು, ಅಡ್ಡರಸ್ತೆ ಸೇರಿ ಸಿಗ್ನಲ್ಲಿನಲ್ಲಿ ಹೆದ್ದಾರಿಯನ್ನು ದಾಟಬೇಕು. ಇವೆಲ್ಲ ಬೈಕಿನ ಮೇಲೆ ಸಣ್ಣ ಸಂತೋಷಗಳಾಗಿದ್ದವು. ಟ್ರೈಕಿನ ಮೇಲೆ ಇವೇ ಹಿಂಬದಿ ಸವಾರರು ಒಂದು ಕೈಯಲ್ಲಿ ಹಿಡಿಕೆ ಬಿಗಿಹಿಡಿದು ಸುತ್ತು ಮುಗಿಯಲೆಂದು ಕಾಯುವ ಜಾಗಗಳಾಗುತ್ತವೆ.

ರಸ್ತೆಯ ಉಬ್ಬುತಗ್ಗುಗಳ ಕಥೆ ಬೇರೆ. ಬೈಕಿನ ಎರಡು ಚಕ್ರಗಳು ಒಂದೇ ಗೆರೆಯಲ್ಲಿ ಓಡುತ್ತವೆ, ಗುಂಡಿ ಕಂಡರೆ ಒಂದು ಗೇಣು ಸರಿದು ಪಾರಾಗಬಹುದು. ಟ್ರೈಕಿಗೆ ಮೂರು ಗೆರೆ. ಮುಂದಿನ ಚಕ್ರವನ್ನು ಗುಂಡಿಯಿಂದ ತಪ್ಪಿಸಿದರೆ ಹಿಂದಿನ ಎರಡರಲ್ಲೊಂದು ಅದಕ್ಕೆ ಬೀಳಬಹುದು. ಬೀಳುವುದು ಒಂದೇ ಪಕ್ಕದ ಚಕ್ರ ಎಂಬುದೇ ಇಲ್ಲಿ ಮುಖ್ಯ. ಎತ್ತಿನಗಾಡಿಯ ಒಂದು ಗಾಲಿ ಕಲ್ಲು ಹತ್ತಿದಾಗ ಮೇಲೆ ಕೂತವರ ತಲೆ ಹೇಗೆ ಪಕ್ಕಕ್ಕೆ ತೂರಾಡುತ್ತದೆ ಎಂಬುದನ್ನು ಕಂಡವರಿಗೆ ಇದರ ರೇಖಾಗಣಿತ ತಿಳಿದೇ ಇದೆ: ಎರಡು ಚಕ್ರಗಳ ನಡುವೆ 1.1 ಮೀಟರ್ ಅಂತರವಿದ್ದು, ಒಂದು ಚಕ್ರ 5 ಸೆಂಟಿಮೀಟರ್ ಏರಿತೆಂದು ಇಟ್ಟುಕೊಂಡರೆ, ನಡುವೆ ಸ್ಪ್ರಿಂಗೇ ಇಲ್ಲದ ಪಕ್ಷದಲ್ಲಿ ಗಾಡಿ ಎರಡೂವರೆ ಡಿಗ್ರಿಯಷ್ಟು ಓರೆಯಾಗಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ತಲೆ ಸುಮಾರು 7 ಸೆಂಟಿಮೀಟರ್ ಪಕ್ಕಕ್ಕೆ ಎಸೆಯಲ್ಪಡುತ್ತದೆ. ಸ್ಪ್ರಿಂಗು, ಷಾಕ್ ಅಬ್ಸಾರ್ಬರ್‌ಗಳು ಇದನ್ನು ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ಹೆಲ್ಮೆಟ್ಟಿನ ಭಾರ ಹೊತ್ತ ಕತ್ತಿಗೆ ಈ ತೂರಾಟ ಗಂಟೆಗಟ್ಟಲೆ ನಡೆದರೆ ಸಂಜೆಗೆ ಅದರ ಫಲ ತಿಳಿಯುತ್ತದೆ.

ದೇಹ ಅಲುಗಾಟವನ್ನು ಎಲ್ಲ ದಿಕ್ಕಿನಲ್ಲೂ ಒಂದೇ ರೀತಿ ತಾಳುವುದಿಲ್ಲ. ವಾಹನಗಳಲ್ಲಿ ಇಡೀ ಮೈಗೆ ತಗಲುವ ಕಂಪನವನ್ನು ಅಳೆಯಲು ಬಳಸುವ ಐ.ಎಸ್.ಒ. 2631 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಮೇಲೆಕೆಳಗಿನ ಕುಲುಕಾಟದಲ್ಲಿ ಮನುಷ್ಯನನ್ನು ಹೆಚ್ಚು ಕಾಡುವುದು ಸೆಕೆಂಡಿಗೆ 4ರಿಂದ 8 ಬಾರಿಯ ಆಸುಪಾಸಿನದು, ಅಡ್ಡಡ್ಡ ತೂಗಾಟದಲ್ಲಾದರೆ ಸೆಕೆಂಡಿಗೆ 2 ಬಾರಿಗಿಂತ ನಿಧಾನವಾದದ್ದು. ಬೈಕಿನ ಹಿಂದಿನ ಸೀಟು ಕೊಡುತ್ತಿದ್ದದ್ದು ಬಹುಪಾಲು ಮೊದಲ ಬಗೆಯನ್ನು. ಟ್ರೈಕ್ ಅದಕ್ಕೆ ಎರಡನೆಯದನ್ನೂ ಸೇರಿಸುತ್ತದೆ. ಸೀಟಿಗೆ ಮೆತ್ತನೆಯ ಜೆಲ್ ತುಂಬಿಸಿದರೆ ಮೊದಲನೆಯದು ತಗ್ಗಬಹುದು, ಎರಡನೆಯದು ತಗ್ಗದು. ಮೆತ್ತೆಗೆಂದು ಹಣ ಸುರಿದೂ ನೆಮ್ಮದಿ ಸಿಗದೆ ಹೋಗುವುದರ ಒಂದು ಕಾರಣ ಇಲ್ಲಿದೆ. ಚಳಿಗಾಲದಲ್ಲಿ ಟಾರಿನ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ, ಕರಗಿ, ಮತ್ತೆ ಹೆಪ್ಪುಗಟ್ಟಿ ರಸ್ತೆಯನ್ನು ಒಡೆಯುವ ನ್ಯೂಜೆರ್ಸಿಯಲ್ಲಿ ಗುಂಡಿಗಳು ಹೆಚ್ಚಾಗಿ ಕಾಣುವುದು ವಸಂತದ ಆರಂಭದಲ್ಲಿ, ಅಂದರೆ ಮನೆಯೊಳಗಿದ್ದ ವಾಹನ ಹೊರಬರುವ ಹೊತ್ತಿಗೆ ಸರಿಯಾಗಿ.

ಎಲ್ಲ ಟ್ರೈಕುಗಳೂ ಒಂದೇ ಅಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು. ಎರಡು ಹಿಂಚಕ್ರಗಳನ್ನು ಒಂದೇ ಗಟ್ಟಿ ಅಚ್ಚಿನಿಂದ ಬೆಸೆದಿದ್ದರೆ ಎಡದ ಚಕ್ರಕ್ಕೆ ಬಿದ್ದ ಪೆಟ್ಟು ಬಲಕ್ಕೂ ದಾಟುತ್ತದೆ. ಪ್ರತಿ ಚಕ್ರಕ್ಕೂ ತನ್ನದೇ ತೋಳು, ತನ್ನದೇ ಸ್ಪ್ರಿಂಗು ಇರುವ ಸ್ವತಂತ್ರ ಸಸ್ಪೆನ್ಷನ್ ಆದರೆ ಪೆಟ್ಟು ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ನಮ್ಮ ಆಟೋರಿಕ್ಷಾದ ಹಿಂಚಕ್ರಗಳು ಈ ಎರಡನೆಯ ಬಗೆಯವು ಎಂಬುದು ಅದರಲ್ಲಿ ಕುಲುಕಿ ಬಂದವರಿಗೆ ನಂಬಲು ಕಷ್ಟವಾದೀತು. ಅಲ್ಲಿ ತೊಂದರೆ ಸಣ್ಣ ಚಕ್ರಗಳದ್ದು ಮತ್ತು ರಸ್ತೆಯದು. ‘ಟ್ರೈ ಗ್ಲೈಡ್’ ಬಹುಕಾಲ ಗಟ್ಟಿ ಅಚ್ಚಿನಲ್ಲೇ ಬಂದಿತು, ಜೊತೆಗೆ ಭಾರಕ್ಕೆ ತಕ್ಕಂತೆ ಗಾಳಿಯ ಒತ್ತಡ ಹೊಂದಿಸಬಹುದಾದ ಷಾಕ್ ಅಬ್ಸಾರ್ಬರ್‌ಗಳನ್ನು ಕೊಟ್ಟಿತು. ಒಬ್ಬರೇ ಓಡಾಡಿದ ದಿನದ ಒತ್ತಡವನ್ನೇ ಉಳಿಸಿ ಇಬ್ಬರು ಹೊರಟರೆ ಹಿಂದೆ ಕೂತವರು ಬೆಲೆ ತೆರುತ್ತಾರೆ. ‘ಸ್ಪೈಡರ್’ ವಿನ್ಯಾಸದಲ್ಲಿ ಹಿಂದೆ ಒಂದೇ ಚಕ್ರವಿರುವುದರಿಂದ ಹಿಂಬದಿ ಸೀಟಿನ ಕೆಳಗೆ ಅಡ್ಡ ತೂರಾಟದ ಮೂಲವಿಲ್ಲ, ಆದರೆ ತಿರುವಿನ ತಳ್ಳಾಟ ಅಲ್ಲಿಯೂ ತಪ್ಪದು. ತಿರುವಿನಲ್ಲಿ ಬೈಕಿನಂತೆಯೇ ವಾಲುವ ಮೂರು ಚಕ್ರದ ವಾಹನಗಳೂ ಇವೆ, 2006ರ ಪಿಯಾಜಿಯೊ ‘ಎಂಪಿ3’, 2018ರ ಯಮಹಾ ‘ನೈಕೆನ್’ ಅಂಥವು. ಆದರೆ ಮೊಣಕಾಲಿನ ನೋವಿಗಾಗಿ ಟ್ರೈಕ್ ಹುಡುಕುವ ದಂಪತಿಗೆ ಬೇಕಾದ ಅಗಲ ಸೀಟು, ಬೆನ್ನಾಸರೆ, ದೊಡ್ಡ ಪೆಟ್ಟಿಗೆಗಳ ಪ್ರವಾಸಿ ಗಾಡಿಗಳು ಇವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಟ್ರೈಕ್ ಕೊಡುವ ಸುಖ ಸಣ್ಣದಲ್ಲ, ಮತ್ತು ಅದು ಶುರುವಾಗುವುದು ಗಾಡಿ ಹೊರಡುವ ಮೊದಲೇ. ದೊಡ್ಡ ಬೈಕಿಗೆ ಹತ್ತುವಾಗ ಮುಂದಿನವರು ಎರಡೂ ಕಾಲೂರಿ ತಡೆದು ನಿಲ್ಲಬೇಕು, ಹಿಂದಿನವರು ಒಂದೇ ಕಾಲಿನ ಮೇಲೆ ಮೈಯ ಭಾರ ಹಾಕಿ ಇನ್ನೊಂದನ್ನು ಎತ್ತಿ ಹಾಯಿಸಬೇಕು. ಆ ಒಂದು ಗಳಿಗೆಯಲ್ಲಿ ಇಬ್ಬರೂ ಗಾಡಿಯೂ ಒಟ್ಟಿಗೆ ಉರುಳುವ ಭಯ ಇದ್ದದ್ದೇ. ಟ್ರೈಕ್ ಕಟ್ಟೆಯಂತೆ ಅಲುಗದೆ ನಿಂತಿರುತ್ತದೆ, ಸಾವಕಾಶವಾಗಿ ಹತ್ತಬಹುದು. ಹಿಂದಿನ ಮಡ್‌ಗಾರ್ಡ್ ಅಗಲವಾಗಿರುವುದರಿಂದ ಕಾಲನ್ನು ದೂರಕ್ಕೆ ಚಾಚಬೇಕಾಗುತ್ತದೆ ನಿಜ, ಸೊಂಟದ ಕೀಲು ಬಿಗಿಯಾದವರಿಗೆ ಅದು ತೊಡಕು. ಒಂದು ಹೆಚ್ಚುವರಿ ಮೆಟ್ಟಿಲು ಜೋಡಿಸಿಕೊಂಡರೆ ಪರಿಹಾರವಾಗುತ್ತದೆ. ಸಿಗ್ನಲ್ಲಿನಲ್ಲಿ, ಜಲ್ಲಿ ಹರಡಿದ ಪಾರ್ಕಿಂಗ್ ಜಾಗದಲ್ಲಿ, ಮಳೆ ಬಿದ್ದ ಬಿಳಿಗೆರೆಯ ಮೇಲೆ ಉಸಿರು ಬಿಗಿಹಿಡಿಯಬೇಕಾಗಿಲ್ಲ.

ನಮ್ಮಲ್ಲಿ ಸೀರೆಯುಟ್ಟವರು ಒಂದೇ ಪಕ್ಕಕ್ಕೆ ಕಾಲು ಬಿಟ್ಟು ಕೂರುವ ರೂಢಿಯನ್ನು ಕಾನೂನೇ ಗಮನದಲ್ಲಿಟ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ, ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡುವ ಜಾಗ ಮತ್ತು ಬಟ್ಟೆ ಸಿಲುಕದಂತೆ ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ತಡೆ ಇರಬೇಕೆನ್ನುತ್ತದೆ. ಟ್ರೈಕಿನಲ್ಲಿ ಹಾಗೆ ಕೂರುವ ಮಾತೇ ಇಲ್ಲ. ತಿರುವಿನ ಬಲವನ್ನು ತಡೆಯಲು ಎರಡೂ ಪಾದ ಎರಡು ಪಕ್ಕದ ಹಲಗೆಗಳ ಮೇಲೆ ಊರಿರಬೇಕು, ಹೊರಬದಿಯ ಪಾದವನ್ನು ಒತ್ತಿ ಮೈಯನ್ನು ತಿರುವಿನ ಒಳಬದಿಗೆ ಬಾಗಿಸಬೇಕು. ಬೈಕಿನಲ್ಲಿ ಸವಾರನ ಸೊಂಟ ಹಿಡಿದು ಅವನೊಡನೆ ವಾಲುವುದು ಸರಿಯಾದ ಕ್ರಮವಾಗಿತ್ತು. ಇಲ್ಲಿ ಅವನನ್ನು ಹಿಡಿದರೆ ಪಕ್ಕಕ್ಕೆ ಎಸೆಯಲ್ಪಟ್ಟಾಗ ಅವನ ತೋಳನ್ನೂ ಹ್ಯಾಂಡಲನ್ನೂ ಎಳೆದಂತಾಗುತ್ತದೆ, ಸೀಟಿನ ಪಕ್ಕದ ಹಿಡಿಕೆಯೇ ಲೇಸು. ತೋಳಾಸರೆ ಮತ್ತು ಬೆನ್ನಾಸರೆಗಳು ಟ್ರೈಕಿನಲ್ಲಿ ಅಲಂಕಾರವಲ್ಲ, ಕಾರಿನ ಬಾಗಿಲು ಮಾಡುವ ಕೆಲಸವನ್ನು ಅವು ಮಾಡುತ್ತವೆ. ಓಡುವ ಟ್ರೈಕಿನಿಂದ ಯಾವ ಕಾರಣಕ್ಕೂ ಕಾಲನ್ನು ನೆಲಕ್ಕೆ ಬಿಡಬಾರದು, ಹಿಂದಿನ ಅಗಲ ಚಕ್ರ ಪಾದದ ಮೇಲೆ ಹತ್ತಬಹುದು. ನ್ಯೂಜೆರ್ಸಿಯಲ್ಲಿ ಟ್ರೈಕ್ ಕೂಡ ಮೋಟಾರ್‌ಸೈಕಲ್ ವರ್ಗದ್ದೇ ಆದ್ದರಿಂದ ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ.

ಉಳಿದದ್ದು ಹ್ಯಾಂಡಲ್ ಹಿಡಿದವರ ಕೈಯಲ್ಲಿದೆ, ಮತ್ತು ಬೇರೆಲ್ಲ ಸಲಕರಣೆಗಳಿಗಿಂತ ಇದರ ಪಾಲು ದೊಡ್ಡದು. ಸುತ್ತುದಾರಿಗೆ ಇಳಿಯುವ ಮೊದಲೇ ವೇಗ ತಗ್ಗಿಸಿ, ಹ್ಯಾಂಡಲನ್ನು ಒಮ್ಮೆಲೇ ತಿರುಗಿಸದೆ ಮೆಲ್ಲನೆ ತಿರುವಿಗೆ ಸೇರಿಸಿದರೆ ಬಲ ಅಷ್ಟೇ ಇದ್ದರೂ ಎಸೆತವಾಗದೆ ಒತ್ತಡವಾಗಿ ಬರುತ್ತದೆ, ದೇಹ ಅದಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ.

ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಒಬ್ಬರೇ ಹಾಕುವ ಎರಡು ಸುತ್ತು ಇದಾವುದನ್ನೂ ತೋರಿಸುವುದಿಲ್ಲ. ಕೊಳ್ಳುವ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ದಿನದ ಬಾಡಿಗೆಗಾದರೂ ಟ್ರೈಕ್ ಪಡೆದು, ತೇಪೆ ಬಿದ್ದ ಊರರಸ್ತೆ, ಒಂದು ಜಗ್‌ಹ್ಯಾಂಡಲ್, ಒಂದು ಹೆದ್ದಾರಿಯ ಸುತ್ತುದಾರಿ, ಅರ್ಧ ಗಂಟೆಯ ನೇರ ಓಟ ಇಷ್ಟನ್ನು ಇಬ್ಬರೂ ಕೂತು ಮುಗಿಸಬೇಕು. ಸಾಧ್ಯವಾದರೆ ಹ್ಯಾಂಡಲ್ ಹಿಡಿಯುವವರು ಬೇರೊಬ್ಬ ಪಳಗಿದ ಸವಾರರ ಹಿಂದೆ ಕೂತು ಅದೇ ದಾರಿಯಲ್ಲಿ ಇನ್ನೊಮ್ಮೆ ಹೋಗಿಬರಬೇಕು. ಆಮೇಲೆ ಯಾವ ಗಾಡಿ, ಕೊಳ್ಳುವುದೇ ಬೇಡವೇ ಎಂಬ ಮಾತನ್ನು ಹಿಂಬದಿ ಸೀಟಿನವರು ಮೊದಲು ಹೇಳಲಿ.