ವಿಕೋಪದ ಬಳಿಕ ಕ್ರೀಡಾಕೂಟ: ನಡೆಸಬೇಕೇ, ನಿಲ್ಲಿಸಬೇಕೇ?

ನೆರೆ, ಭೂಕುಸಿತ ಅಥವಾ ಚಂಡಮಾರುತದಿಂದ ಜನರು ಪ್ರಾಣ, ಮನೆಮಾರು ಕಳೆದುಕೊಂಡಾಗ, ಮೊದಲೇ ನಿಗದಿಯಾದ ಕ್ರೀಡಾಕೂಟವನ್ನು ಏನು ಮಾಡಬೇಕೆಂಬ ಪ್ರಶ್ನೆ ಏಳುತ್ತದೆ. "ಸಾವಿನ ಮನೆಯ ಪಕ್ಕದಲ್ಲಿ ಆಟವೇ?" ಎನ್ನುವವರು ಒಂದು ಕಡೆ, "ನಿಲ್ಲಿಸಿದರೆ ಹೋದವರು ಮರಳಿ ಬರುತ್ತಾರೆಯೇ?" ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಕೂಟ ಸಂತ್ರಸ್ತರ ಪಾಲಿನದನ್ನು ಕಿತ್ತುಕೊಳ್ಳುತ್ತದೆಯೇ, ಅವರಿಗೆ ಏನಾದರೂ ಕೊಡುತ್ತದೆಯೇ?

2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಅಮೆರಿಕದ ನ್ಯೂಯಾರ್ಕ್ ನಗರವನ್ನು ಅಪ್ಪಳಿಸಿತು. ನವೆಂಬರ್ 4ರ ಮ್ಯಾರಥಾನ್ ನಡೆದೇ ತೀರುತ್ತದೆ ಎಂದು ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಹೇಳಿದ್ದರು. ಓಟ ಆರಂಭವಾಗಬೇಕಿದ್ದ ಸ್ಟಾಟನ್ ಐಲ್ಯಾಂಡ್‌ನಲ್ಲೇ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಸಾವಿರಾರು ಮನೆಗಳಲ್ಲಿ ವಿದ್ಯುತ್ ಇಲ್ಲದಿದ್ದಾಗ ಓಟದ ಡೇರೆಗಳಿಗೆ ಜನರೇಟರ್‌ಗಳು ಬಂದದ್ದು ಜನರನ್ನು ಕೆರಳಿಸಿತು. ಕೊನೆಗೆ ನವೆಂಬರ್ 2ರ ಸಂಜೆ ಓಟ ರದ್ದಾಯಿತು. ಅನೇಕ ಓಟಗಾರರು ಆ ಭಾನುವಾರ ಪರಿಹಾರ ಸಾಮಗ್ರಿ ಹೊತ್ತು ಸಂತ್ರಸ್ತರ ಮನೆಗಳಿಗೆ ಹೋದರು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಶ್ರೀಲಂಕಾ ಕ್ರಿಕೆಟ್ ತಂಡ ನ್ಯೂಜಿಲೆಂಡ್ ಪ್ರವಾಸ ನಿಲ್ಲಿಸಿ ಸ್ವದೇಶಕ್ಕೆ ಮರಳಿತು. ಎರಡು ವಾರಗಳ ಬಳಿಕ, 2005ರ ಜನವರಿ 10ರಂದು, ಸುನಾಮಿ ಸಂತ್ರಸ್ತರ ನೆರವಿಗಾಗಿ ಮೆಲ್ಬರ್ನ್‌ನಲ್ಲಿ ಏಷ್ಯಾ ತಂಡ ಮತ್ತು ವಿಶ್ವ ತಂಡದ ನಡುವೆ ಪಂದ್ಯ ನಡೆಯಿತು. ಶ್ರೀಲಂಕಾದ ಆಟಗಾರರೊಂದಿಗೆ ನಮ್ಮ ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ ಕೂಡ ಆಡಿದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು ಬಂದರು. ಕೋಟ್ಯಂತರ ರೂಪಾಯಿ ಮೌಲ್ಯದ ಪರಿಹಾರ ನಿಧಿ ಸಂಗ್ರಹವಾಯಿತು. ಮೊದಲು ಶೋಕ, ಆಮೇಲೆ ಆಟ, ಅದೂ ನೊಂದವರಿಗಾಗಿ.

ಮೂರನೆಯ ದಾರಿ ಮುಂದೂಡಿಕೆ. 2024ರ ಜುಲೈ 30ರ ವಯನಾಡ್ ಭೂಕುಸಿತದ ಬಳಿಕ ಆಲಪ್ಪುಳದ ನೆಹರೂ ಟ್ರೋಫಿ ದೋಣಿ ಸ್ಪರ್ಧೆಯನ್ನು ಆಗಸ್ಟ್ 10ರ ಬದಲು ಸೆಪ್ಟೆಂಬರ್ 28ರಂದು ನಡೆಸಲಾಯಿತು. ಇದರಿಂದ ದುಃಖಕ್ಕೂ ಗೌರವ ಸಿಕ್ಕಿತು, ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರ ಶ್ರಮವೂ ವ್ಯರ್ಥವಾಗಲಿಲ್ಲ.

ನಮ್ಮ ಚರ್ಚ್‌ಗಳ ಯುವಜನರು ನಡೆಸುವ ಕ್ರಿಕೆಟ್, ವಾಲಿಬಾಲ್, ಹಗ್ಗಜಗ್ಗಾಟಕ್ಕೂ ಇದೇ ಅಳತೆಗೋಲು ಸಲ್ಲುತ್ತದೆ. ಶಾಲೆಯ ಸಭಾಂಗಣದಲ್ಲಿ ನಿರಾಶ್ರಿತರಿದ್ದರೆ ಮೈದಾನದಲ್ಲಿ ಧ್ವನಿವರ್ಧಕ ಬೇಡ. ಸ್ವಯಂಸೇವಕರು, ವಾಹನಗಳು ಪರಿಹಾರ ಕಾರ್ಯಕ್ಕೆ ಬೇಕಿದ್ದರೆ ಪಂದ್ಯ ಕಾಯಲಿ. ಅನಾಹುತ ದೂರದಲ್ಲಾಗಿದ್ದು, ಇಲ್ಲಿ ಯಾರ ಕೆಲಸಕ್ಕೂ ಅಡ್ಡಿಯಾಗದಿದ್ದರೆ, ಆಡಂಬರ ಬಿಟ್ಟು ಸರಳವಾಗಿ ಆಡಬಹುದು. ಹಾಗೆ ಸಂಗ್ರಹವಾದ ಹಣದ ಲೆಕ್ಕವನ್ನು ಪಾಲನಾ ಮಂಡಳಿಯ ಮುಂದಿಡಬೇಕು. "ಸಂತ್ರಸ್ತರಿಗಾಗಿ" ಎಂದು ಬ್ಯಾನರ್ ಕಟ್ಟಿದರಷ್ಟೇ ಸಾಲದು. ಸಂತ್ರಸ್ತರು ನಮ್ಮ ಊರಿನವರೇ ಆಗಿದ್ದರೆ ಮೊದಲು ಅವರನ್ನೇ ಕೇಳುವುದು ಒಳಿತು.

ಪ್ರಭು ಯೇಸು ಹೇಳಿದ ಸಾಮತಿಯ ಒಳ್ಳೆಯ ಸಮಾರಿತನು ದಾರಿಯಲ್ಲಿ ನಿಂತ, ಗಾಯಾಳುವಿಗಾಗಿ ಸ್ವಂತ ಹಣ ವ್ಯಯಿಸಿದ, ಬಳಿಕ ತನ್ನ ಪ್ರಯಾಣ ಮುಂದುವರಿಸಿದ. ಅವನು ಪ್ರಯಾಣವನ್ನೇ ಕೈಬಿಡಲಿಲ್ಲ. ಆದರೆ ನಿಲ್ಲದೆ ಮುಂದೆ ಹೋಗಲೂ ಇಲ್ಲ.